ಗುಳಿಗೆ ಕೊಡುವವರಿದ್ದಾರೆ, ಪೈಪು ಹುಡುಕುವವರು ಎಲ್ಲಿ?

ಒಂದು ಓಣಿ. ಬೆಳಿಗ್ಗೆ ಒಂದು ಮನೆಯಲ್ಲಿ ಮಗುವಿಗೆ ವಾಂತಿ. ಮಧ್ಯಾಹ್ನಕ್ಕೆ ಪಕ್ಕದ ಮನೆಯ ಅಜ್ಜಿಗೆ ಭೇದಿ. ಸಂಜೆಯ ಹೊತ್ತಿಗೆ ಆಟೋ ಹಿಂದೆ ಆಟೋ ಸರ್ಕಾರಿ ಆಸ್ಪತ್ರೆಗೆ. ಡಾಕ್ಟರು ಪಾಪ, ಒಬ್ಬೊಬ್ಬರಿಗೂ ಬಾಟಲಿ ಏರಿಸುತ್ತಾರೆ, ಗುಳಿಗೆ ಬರೆಯುತ್ತಾರೆ, ನೀರು ಕಾಯಿಸಿ ಕುಡೀರಿ ಅಂತಾರೆ. ಅವರ ಕೆಲಸ ಅಲ್ಲಿಗೆ ಮುಗೀತು. ಗುಣವಾದವರು ಮನೆಗೆ ಬಂದು ಮತ್ತೆ ಅದೇ ನಳದ ನೀರು ಹಿಡಿಯುತ್ತಾರೆ. ಹಾಗಾದರೆ ವಾಸಿಯಾದದ್ದು ಯಾರಿಗೆ? ರೋಗಿಗೋ, ಊರಿಗೋ?

ಇದು ಕಟ್ಟುಕತೆಯಲ್ಲ. 2023ರ ಜನವರಿಯಲ್ಲಿ ಹೊಸಪೇಟೆಯ ರಾಣಿಪೇಟೆ, ಚಲವಾದಿಕೇರಿ ಭಾಗದಲ್ಲಿ ನೂರಕ್ಕೂ ಹೆಚ್ಚು ಮಂದಿ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದ್ದು ಊರಿಗೆ ನೆನಪಿದೆ. ಅದಕ್ಕೂ ಮೊದಲು 2021ರಲ್ಲಿ ಹೂವಿನಹಡಗಲಿ ತಾಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರಿಗೆ ಆರು ಜೀವ ಹೋದವು. ಎರಡು ಸಲವೂ ಜನ ಕೇಳಿದ ಪ್ರಶ್ನೆ ಒಂದೇ: ಮೊದಲ ರೋಗಿ ಬಂದ ದಿನವೇ ನೀರು ಯಾಕೆ ಬಂದ್ ಮಾಡಲಿಲ್ಲ?

ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಕೆಲಸ ಒಂದಿದೆ. ಅದಕ್ಕೆ ಸಾರ್ವಜನಿಕ ಆರೋಗ್ಯ ಅಂತ ಹೆಸರು. ಆ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗ ಹುಡುಗಿಯರನ್ನು ತಯಾರು ಮಾಡುವ ಫೆಲೋಶಿಪ್‌ಗಳೂ ದೇಶದಲ್ಲಿ ಇವೆ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಎಳೆಯ ಡಾಕ್ಟರು, ನರ್ಸು, ಆರೋಗ್ಯ ನಿರೀಕ್ಷಕರ ಕಿವಿಗೆ ಈ ಸುದ್ದಿ ಬಿದ್ದಿದೆಯೇ ಎಂಬುದೇ ಅನುಮಾನ.

ಫೆಲೋಶಿಪ್ ಎಂದ ಕೂಡಲೇ ಕೋಟು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವುದು ಅಂತ ತಿಳಿಯಬೇಕಿಲ್ಲ. ಇದು ಓದು ಕಡಿಮೆ, ಓಡಾಟ ಜಾಸ್ತಿ ಇರುವ ತರಬೇತಿ. ಅಮೆರಿಕದಲ್ಲಿ 1951ರಲ್ಲೇ ಇಂಥದ್ದು ಶುರುವಾಯಿತು. ಎಳೆಯ ಡಾಕ್ಟರುಗಳನ್ನು ಎರಡು ವರ್ಷ ರೋಗ ಎದ್ದ ಊರಿಂದ ಊರಿಗೆ ಅಟ್ಟಿ, ರೋಗದ ಪತ್ತೇದಾರರನ್ನಾಗಿ ಮಾಡುವ ಕ್ರಮ ಅದು. ನಮ್ಮ ದೇಶದಲ್ಲಿ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ 2001ರಲ್ಲಿ, ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಅದೇ ಮಾದರಿಯ ತರಬೇತಿ ಆರಂಭಿಸಿದವು. ಬೆಂಗಳೂರಿನ ಸೋಚಾರಾ ಸಂಸ್ಥೆ 2003ರಲ್ಲಿ ಸಮುದಾಯ ಆರೋಗ್ಯದ ಫೆಲೋಶಿಪ್ ತೆರೆದು, ಡಾಕ್ಟರಲ್ಲದವರಿಗೂ ಬಾಗಿಲು ಬಿಟ್ಟಿತು.

ಇಲ್ಲಿ ಕಲಿಸುವುದೇನು? ಕೇಳಿದರೆ ಸುಲಭ ಅನ್ನಿಸುತ್ತದೆ. ರೋಗ ಬಂದವರ ಪಟ್ಟಿ ಮಾಡು. ಯಾರಿಗೆ, ಯಾವ ಓಣಿ, ಯಾವ ದಿನ, ಎಷ್ಟು ಗಂಟೆಗೆ ಅಂತ ಬರೆದುಕೋ. ನಕ್ಷೆಯ ಮೇಲೆ ಮನೆಗಳಿಗೆ ಚುಕ್ಕಿ ಇಡು. ಆಮೇಲೆ ರೋಗ ಬಾರದ ಮನೆಗೂ ಹೋಗು. ಅವರು ಯಾವ ನೀರು ಕುಡಿದರು, ಎಲ್ಲಿ ಉಂಡರು ಅಂತ ಕೇಳು. ಎರಡನ್ನೂ ತಾಳೆ ಹಾಕು. ನೀರಿನ ಮಾದರಿ ಲ್ಯಾಬಿಗೆ ಕಳಿಸು. ಆದರೆ ಲ್ಯಾಬಿನ ಚೀಟಿ ಬರುವ ತನಕ ಕೈಕಟ್ಟಿ ಕೂರಬೇಡ. ಚುಕ್ಕಿಗಳೆಲ್ಲ ಒಂದೇ ಪೈಪಿನ ಸುತ್ತ ಬಿದ್ದಿದ್ದರೆ ಅವತ್ತೇ ಆ ಪೈಪು ಬಂದ್ ಮಾಡಿಸು.

ಕಷ್ಟ ಇರುವುದು ಈ ಕೊನೆಯ ಮಾತಿನಲ್ಲಿ. 26 ವರ್ಷದ ಹುಡುಗಿಯೊಬ್ಬಳು ರಾತ್ರಿ ಎಂಟು ಗಂಟೆಗೆ ನಗರಸಭೆಯ ಸಾಹೇಬರಿಗೆ ಫೋನು ಮಾಡಿ “ಸಾರ್, ಈ ಲೈನು ನಿಲ್ಲಿಸಿ, ಟ್ಯಾಂಕರ್ ಕಳಿಸಿ” ಅಂತ ಹೇಳಬೇಕು. ಹೇಳಿದರೆ ಕೇಳಬೇಕು. ಫೆಲೋಶಿಪ್‌ನವರು ನಾಯಕತ್ವ ಎನ್ನುವುದು ಇದಕ್ಕೇ. ಕುರ್ಚಿ, ಹಾರ ತುರಾಯಿಯ ನಾಯಕತ್ವ ಅದಲ್ಲ.

ಇದರಿಂದ ಅಂಗಡಿಯವರಿಗೇನು, ಬಸ್ಸಿನವರಿಗೇನು ಅನ್ನಬಹುದು. ಊರಲ್ಲಿ ವಾಂತಿ ಭೇದಿ ಎಂಬ ಸುದ್ದಿ ಹಬ್ಬಿದ ಮರುದಿನ ಒಗ್ಗಾಣಿ ಮಿರ್ಚಿ ಅಂಗಡಿಯ ಮುಂದೆ ಎಷ್ಟು ಜನ ನಿಲ್ಲುತ್ತಾರೆ? ತಪ್ಪು ಪೈಪಿನದು, ಪೆಟ್ಟು ಅಂಗಡಿಗೆ. ಹಂಪಿಗೆ ಬರುವ ಪ್ರವಾಸಿ ಒಂದು ಸಲ ಹೊಟ್ಟೆ ಕೆಡಿಸಿಕೊಂಡರೆ ಹೋಟೆಲಿನಿಂದ ಆಟೋದ ತನಕ ಎಲ್ಲರ ದುಡಿಮೆಗೂ ಕಲ್ಲು. ಕಂಪ್ಲಿಯಿಂದ, ಸಂಡೂರಿನಿಂದ ದಿನಾ ಬಸ್ಸು ಹತ್ತಿ ಬರುವ ಕೂಲಿಯವರಿಗೆ ನಾಲ್ಕು ದಿನ ಮಲಗಿದರೆ ನಾಲ್ಕು ದಿನದ ಕೂಲಿ ಹೋಯಿತು. ರೋಗದ ಮೂಲ ಬೇಗ ಸಿಕ್ಕರೆ ಉಳಿಯುವುದು ಇವರ ಗಂಟು.

ಇಂಥ ತರಬೇತಿ ಈ ಸೀಮೆಗೆ ಹೊಸದೂ ಅಲ್ಲ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅಖಂಡ ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು ಒಂದು ಪ್ರಯೋಗ ಮಾಡಿತು. ತಲೆ ಕೆಟ್ಟಿದೆ, ಗಾಳಿ ಮೆಟ್ಟಿದೆ ಅಂತ ಜನ ದೇವರ ಗುಡಿ ಸುತ್ತುತ್ತಿದ್ದ ಕಾಲ. ಡಾಕ್ಟರಿಗೆ ತೋರಿಸಬೇಕೆಂದರೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕಿತ್ತು. ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ, ಮನೆ ಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗ ಗುರುತಿಸುವುದನ್ನು ಕಲಿಸಿದರು. ಮುಖ್ಯ ಗುಳಿಗೆಗಳು ಕೇಂದ್ರದಲ್ಲೇ ಸಿಗುವಂತೆ ಮಾಡಿದರು. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲ ಆಗ ಅದೇ ಜಿಲ್ಲೆ. ಆ ಪ್ರಯೋಗಕ್ಕೆ ದೇಶದಲ್ಲೆಲ್ಲ ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ತಳಪಾಯ ಹಾಕಿದ್ದು ಇದರ ಮೇಲೇ. ದೇಶಕ್ಕೆ ದಾರಿ ತೋರಿಸಿದ ಸೀಮೆ ತನ್ನ ಹುಡುಗರಿಗೆ ದಾರಿ ತೋರಿಸಲಾರದೇ?

ಇನ್ನೂ ಹಿಂದಕ್ಕೆ ಹೋದರೆ 1939ರಲ್ಲಿ ಮದ್ರಾಸ್ ಸರ್ಕಾರ ಸಾರ್ವಜನಿಕ ಆರೋಗ್ಯ ಕಾಯಿದೆ ತಂದಿತು. ನೀರು, ಚರಂಡಿ, ಸಾಂಕ್ರಾಮಿಕ ರೋಗದ ವಿಷಯದಲ್ಲಿ ಆರೋಗ್ಯಾಧಿಕಾರಿಯ ಕೈಗೆ ಅಧಿಕಾರ ಕೊಟ್ಟ ಕಾಯಿದೆ ಅದು. ಸಂಡೂರು ಆಗ ಸಂಸ್ಥಾನ. ಹೊಸಪೇಟೆ, ಕಂಪ್ಲಿ ಮದ್ರಾಸಿಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. ಅತ್ತ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಪ್ರತ್ಯೇಕ ನಿರ್ದೇಶನಾಲಯ, ಪ್ರತ್ಯೇಕ ಕೇಡರ್ ಉಳಿದು ಬೆಳೆಯಿತು. ರಾಜ್ಯಗಳೆಲ್ಲ ಅಂಥ ಕೇಡರ್ ಕಟ್ಟಬೇಕೆಂದು ಕೇಂದ್ರವೇ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ನೆರೆಮನೆಯವರು 80 ವರ್ಷದ ಹಿಂದೆ ಹಚ್ಚಿದ ದೀಪ ಅದು.

ಇನ್ನು ಎಳೆಯರು ಯಾಕೆ ಹೋಗುತ್ತಿಲ್ಲ ಅನ್ನುವುದು. ಪ್ರಕಟಣೆ ಬರುವುದು ಇಂಗ್ಲಿಷಿನಲ್ಲಿ, ಸಂದರ್ಶನ ದೂರದ ಊರಲ್ಲಿ. ಕಾಂಟ್ರಾಕ್ಟ್ ಮೇಲೆ ಇರುವವರಿಗೆ ಎರಡು ವರ್ಷ ಹೋಗಿ ಬಂದರೆ ಸೀಟು ಇರುತ್ತದೋ ಇಲ್ಲವೋ ಎಂಬ ಭಯ. ಮನೆಯಲ್ಲಿ ಹಿರಿಯರ ಮಾತು ಬೇರೆ: “ಎಂ.ಬಿ.ಬಿ.ಎಸ್. ಓದಿಸಿದ್ದು ಚರಂಡಿ ನೋಡ್ಲಿಕ್ಕಾ? ಬೋರ್ಡು ಹಾಕಿ ಪ್ರಾಕ್ಟೀಸ್ ಮಾಡಪ್ಪಾ.” ಹಿರಿಯರದು ತಪ್ಪು ಅನ್ನುವಂತಿಲ್ಲ. ಪೈಪು ಹುಡುಕಿದವನಿಗೆ ಯಾರೂ ಫೀಜು ಕೊಡುವುದಿಲ್ಲ. ಬಾರದೇ ಹೋದ ರೋಗಕ್ಕೆ ಯಾರೂ ನಮಸ್ಕಾರ ಹೇಳುವುದಿಲ್ಲ.

ಫೆಲೋಶಿಪ್ ಒಂದೇ ಎಲ್ಲದಕ್ಕೂ ಮದ್ದು ಅಂತಲೂ ಅಲ್ಲ. 2009ರಿಂದ ಕೆಲವು ವರ್ಷ ತುಮಕೂರು ಜಿಲ್ಲೆಯಲ್ಲಿ ತಾಲೂಕು ಮಟ್ಟದ ಆರೋಗ್ಯಾಧಿಕಾರಿಗಳಿಗೆ ಆಡಳಿತದ ತರಬೇತಿ ಕೊಟ್ಟರು. ಪಾಠ ಎಲ್ಲರಿಗೂ ಒಂದೇ, ಫಲ ಮಾತ್ರ ತಾಲೂಕಿಗೊಂದು ಥರ. ಕಲಿತವರಿಗೆ ಆಸಕ್ತಿ ಇದ್ದು, ಮೇಲಿನವರ ಬೆಂಬಲವೂ ಇದ್ದಲ್ಲಿ ಕೆಲಸ ಮುಂದಕ್ಕೆ ಹೋಯಿತು. ಇಲ್ಲದ ಕಡೆ ಸರ್ಟಿಫಿಕೇಟು ಗೋಡೆಗೆ ಹೋಯಿತು. ಕಲಿತು ಬಂದವರನ್ನು ಮತ್ತೆ ಚೀಟಿ ಬರೆಯುವ ಮೇಜಿಗೇ ಕೂರಿಸಿದರೆ ಹೋಗಿ ಬಂದದ್ದೂ ದಂಡ, ಕಳಿಸಿದ್ದೂ ದಂಡ.

ಆದರೂ ಸುಮ್ಮನಿರುವ ಕಾಲ ಇದಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಐವರು ತೀರಿಕೊಂಡರು. ಅನುಮಾನ ರಕ್ತನಾಳಕ್ಕೆ ಏರಿಸಿದ ದ್ರಾವಣದ ಬಾಟಲಿಯ ಮೇಲೆ ಬಿತ್ತು. ಒಂದು ಸಾವಾದರೆ ದುರ್ದೈವ ಅನ್ನಬಹುದು. ಎರಡನೆಯದಕ್ಕೇ “ಇವರಿಬ್ಬರಿಗೂ ಕೊಟ್ಟದ್ದು ಏನು?” ಅಂತ ಕೇಳುವ ಕಣ್ಣು ಪ್ರತಿ ಆಸ್ಪತ್ರೆಯಲ್ಲೂ ಬೇಕು. ಆ ಕಣ್ಣನ್ನು ತೆರೆಸುವುದೇ ಈ ತರಬೇತಿ. ಸಂಡೂರಿನ ಗಣಿ ರಸ್ತೆಯ ಕೆಂಪು ಧೂಳು ಯಾವ ಊರಿನ ಎಷ್ಟು ಮಕ್ಕಳ ಎದೆಗೆ ಇಳಿಯುತ್ತಿದೆ ಎಂದು ವರ್ಷ ವರ್ಷ ಲೆಕ್ಕ ಇಡಬೇಕಾದವರೂ ಇವರೇ.

ಆಗಬೇಕಾದದ್ದು ದೊಡ್ಡ ಕೆಲಸವಲ್ಲ. ಎರಡೂ ಜಿಲ್ಲೆಯ ಆರೋಗ್ಯಾಧಿಕಾರಿಗಳು ಇಂಥ ಫೆಲೋಶಿಪ್‌ಗಳ ಪ್ರಕಟಣೆಯನ್ನು ಕನ್ನಡದಲ್ಲಿ ತಾಲೂಕು ಆಸ್ಪತ್ರೆಗಳ ಬೋರ್ಡಿಗೆ ಹಚ್ಚಲಿ. ಅರ್ಜಿ ಹಾಕುವವರಿಗೆ ಅನುಮತಿ ಚೀಟಿಗಾಗಿ ಚಪ್ಪಲಿ ಸವೆಸುವ ಪ್ರಸಂಗ ಬಾರದಿರಲಿ. ಹೋದವರ ಜಾಗ ಕಾದಿರಲಿ. ಹೋದವರೂ ಬಂದು ಇಂತಿಷ್ಟು ವರ್ಷ ಇಲ್ಲೇ ದುಡಿಯುತ್ತೇವೆಂದು ಬರೆದುಕೊಡಲಿ. 2015ರ ತಿದ್ದುಪಡಿ ಕಾಯಿದೆಯಂತೆ ಗಣಿ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನ ನಿಧಿ ಇದೆ; ಕುಡಿಯುವ ನೀರು, ಆರೋಗ್ಯ ಅದರ ಮೊದಲ ಸಾಲಿನ ಬಾಬತ್ತುಗಳು. ಕಟ್ಟಡಕ್ಕೆ ಸುರಿಯುವ ಹಣದಲ್ಲಿ ಒಂದು ಚಿಟಿಕೆ ತೆಗೆದರೂ ತಾಲೂಕಿಗೊಬ್ಬ ಸ್ಥಳೀಯ ಫೆಲೋವನ್ನು ಸಾಕಬಹುದು. ಹೊಸ ಕಟ್ಟಡ ತಾನಾಗಿ ರೋಗ ಹುಡುಕುವುದಿಲ್ಲವಲ್ಲ!

2021ರಲ್ಲಿ ಜಿಲ್ಲೆ ಎರಡಾಯಿತು. ಹೊಸಪೇಟೆ ವಿಜಯನಗರಕ್ಕೆ, ಸಂಡೂರು, ಕಂಪ್ಲಿ ಬಳ್ಳಾರಿಗೆ. ಕಡತಗಳು ಬೇರೆ ಬೇರೆ ಗಾಡಿ ಹತ್ತಿದವು. ಡ್ಯಾಮಿನಿಂದ ಹೊರಟ ತುಂಗಭದ್ರೆಯ ನೀರು ಮಾತ್ರ ಗಡಿಕಲ್ಲು ನೋಡದೆ ಮೊದಲಿನ ಹಾಗೇ ಹರಿಯುತ್ತಿದೆ. ಬಸ್ಸುಗಳೂ ಹಾಗೇ ಓಡಾಡುತ್ತಿವೆ. ರೋಗವೂ ಅಷ್ಟೇ. ಎರಡು ಜಿಲ್ಲೆಯ ಸಾಹೇಬರುಗಳು ಒಂದು ಮೇಜಿನ ಸುತ್ತ ಕೂತು ನಾಲ್ಕು ಎಳೆಯರ ಹೆಸರು ಬರೆದರೆ ಸಾಕು, ಕೆಲಸ ಶುರುವಾದಂತೆ.

ಮುಂದಿನ ಮಳೆಗಾಲ ಬಂದೇ ಬರುತ್ತದೆ. ಎಲ್ಲೋ ಒಂದು ಓಣಿಯಲ್ಲಿ ಚರಂಡಿಯ ಪಕ್ಕ ಒಂದು ಪೈಪು ಒಡೆದೇ ಒಡೆಯುತ್ತದೆ. ಅವತ್ತು ಆಟೋಗಳು ಆಸ್ಪತ್ರೆಯ ದಾರಿ ಹಿಡಿಯುವ ಮೊದಲೇ ಒಬ್ಬ ಹುಡುಗಿ ಪುಸ್ತಕ, ಪೆನ್ನು ಹಿಡಿದು ಆ ಓಣಿಗೆ ಬಂದಿರುತ್ತಾಳೋ, ಇಲ್ಲವೋ? ಸಂಬಂಧಪಟ್ಟವರು ಇವತ್ತೇ ಯೋಚಿಸುವುದು ಒಳ್ಳೆಯದು.