ಮಗನನ್ನು ಕಂಪನಿಗೆ ಕಳಿಸುವ ಮುಂಚೆ ಆ ಕಾಗದ ಒಮ್ಮೆ ಓದಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮಗೆ ಎರಡು ಥರದ ಫೋನ್ ಬರುತ್ತವೆ. ಒಳ್ಳೆ ಅಂಕ ಬಂದವರ ಮನೆಯಿಂದ, "ಸೈನ್ಸ್ ಕೊಡಿಸೋಣೋ, ಕಾಮರ್ಸ್ ಕೊಡಿಸೋಣೋ?" ಕಡಿಮೆ ಅಂಕ ಬಂದವರ ಮನೆಯಿಂದ, "ಐಟಿಐಗೆ ಹಾಕಿದ್ರೆ ಕಂಪನಿಯವ್ರೇ ಬಂದು ಕರಕೊಂಡು ಹೋಗ್ತಾರಂತೆ, ಖರೇ ಏನ್ರಿ?"

ಪತ್ರಿಕೋದ್ಯಮ ಓದಿದವರಿಗೆ ಎಲ್ಲಾ ಗೊತ್ತಿರುತ್ತದೆ ಅಂತ ಊರವರ ನಂಬಿಕೆ. ನಮ್ಮ ಗುಂಪಿನಲ್ಲಿ ಇಬ್ಬರು ಐಟಿಐ ಮೆಟ್ಟಿಲು ಹತ್ತಿ ಆಮೇಲೆ ಡಿಗ್ರಿಗೆ ಬಂದವರಿದ್ದಾರೆ. ಅದಕ್ಕೇ ಎರಡನೇ ಥರದ ಫೋನಿಗೆ ಉತ್ತರ ಕೊಡುವಾಗ ನಮ್ಮ ಬಾಯಿ ಸ್ವಲ್ಪ ತಡವರಿಸುತ್ತದೆ.

ಖರೇ. ಕಂಪನಿಯವರು ಬರುತ್ತಾರೆ, ಕರಕೊಂಡು ಹೋಗುತ್ತಾರೆ. ಆಮೇಲೆ?

ನಮ್ಮ ಓಣಿಯ ಒಬ್ಬ ಹುಡುಗ ಫಿಟ್ಟರ್ ಮುಗಿಸಿ ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆಗೆ ಹೋದ. ಬಸ್ಸು ಹತ್ತಿಸುವಾಗ ಅವ್ವ ಕಣ್ಣೀರು ಹಾಕಿದ್ದಳು, ಅಪ್ಪ ಊರೆಲ್ಲಾ ಹೇಳಿಕೊಂಡು ತಿರುಗಿದ್ದ. ಎರಡು ವರ್ಷ ಕಳೆದು ವಾಪಸ್ ಬಂದ. ಏನು ಕಲಿತು ಬಂದೆಯೋ ಎಂದು ಕೇಳಿದರೆ, "ನಾಕು ಬೋಲ್ಟ್ ಬಿಗಿ ಮಾಡಾದು ಕಲ್ತೀನಣ್ಣ" ಅಂದ. ನಕ್ಕೇ ಹೇಳಿದ. ಆದರೆ ಸುಳ್ಳು ಹೇಳಲಿಲ್ಲ. ದಿನಕ್ಕೆ ಎಂಟು ತಾಸು, ಅದೇ ಜಾಗ, ಅವೇ ನಾಲ್ಕು ಬೋಲ್ಟು. ಅವನ ಕೈಗೆ ಕೊಟ್ಟ ಕಾಗದದಲ್ಲಿ 'ಟ್ರೇನಿ' ಅಂತಿತ್ತು. ಕೊಟ್ಟಿದ್ದು ಕಾರ್ಖಾನೆ ಅಲ್ಲ, ಕೂಲಿಯಾಳು ಒದಗಿಸುವ ಒಬ್ಬ ಗುತ್ತಿಗೆದಾರ. ಬೇರೆ ಕಡೆ ಕೆಲಸ ಕೇಳಲು ಹೋದಾಗ ಆ ಕಾಗದಕ್ಕೆ ಯಾರೂ ಬೆಲೆ ಕೊಡಲಿಲ್ಲ.

ಇಷ್ಟು ಹೇಳಿದ್ದಕ್ಕೆ ನಾವು ಐಟಿಐ ವಿರೋಧಿಗಳು ಅಂದುಕೊಳ್ಳಬೇಡಿ. ಹದಿನಾರು ವರ್ಷದ ಹುಡುಗ ಪುಸ್ತಕದ ಜೊತೆಗೆ ನಿಜವಾದ ಮಷಿನ್ ಮುಂದೆ, ನಿಜವಾದ ಮಾಲೀಕನ ಕೈಕೆಳಗೆ ಕೆಲಸ ಕಲಿಯಬೇಕು. ಅದರಲ್ಲಿ ನಮಗೆ ಅನುಮಾನವೇ ಇಲ್ಲ. ನಮ್ಮ ತಕರಾರು ಒಂದೇ: ಈ ಪಾಲುದಾರಿಕೆಯಲ್ಲಿ ಹುಡುಗ ದುಡಿಯಬೇಕು ಅನ್ನುವುದು ಎಲ್ಲರಿಗೂ ಗೊತ್ತು, ಮಾಲೀಕ ಕಲಿಸಬೇಕು ಅನ್ನುವುದು ಯಾರ ಬಾಯಲ್ಲೂ ಬರುವುದಿಲ್ಲ.

ಕಾನೂನಿನಲ್ಲಿ ಅದು ಇದೆ. 1961ರಿಂದಲೇ ಇದೆ. ಅಪ್ರೆಂಟಿಸ್ ಕಾಯ್ದೆ ಅಂತ ಅದರ ಹೆಸರು. ಆ ಕಾಯ್ದೆ ಪ್ರಕಾರ ಅಪ್ರೆಂಟಿಸ್ ಅಂದರೆ ಕಲಿಯುವವನು, ಕಾರ್ಮಿಕ ಅಲ್ಲ. ಮಾಲೀಕನಿಗೂ ಹುಡುಗನಿಗೂ ಒಂದು ಕರಾರು ಆಗಬೇಕು, ಅದು ಸರ್ಕಾರದಲ್ಲಿ ನೋಂದಣಿ ಆಗಬೇಕು. ಹುಡುಗ 18 ದಾಟಿರದಿದ್ದರೆ ಅಪ್ಪ ಅವ್ವ ಅಥವಾ ಪೋಷಕರು ಸಹಿ ಹಾಕಬೇಕು. ಅಪ್ರೆಂಟಿಸ್‌ಗೆ ಪೀಸ್ ಲೆಕ್ಕದಲ್ಲಿ, ಅಂದರೆ ಇಷ್ಟು ಮಾಲಿಗೆ ಇಷ್ಟು ದುಡ್ಡು ಅಂತ, ಕೊಡುವ ಹಾಗಿಲ್ಲ. ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕೆಲಸದಲ್ಲಿ ಕೈಕಾಲಿಗೆ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು.

ದುಡ್ಡಿನ ಲೆಕ್ಕವೂ ಇದೆ. 2019ರ ತಿದ್ದುಪಡಿಯಲ್ಲಿ ಹತ್ತನೇ ಪಾಸಾದ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ, ಐಟಿಐ ಪ್ರಮಾಣಪತ್ರ ಇದ್ದವರಿಗೆ 7,000 ರೂಪಾಯಿ ಅಂತ ಗೊತ್ತು ಮಾಡಿದರು. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಇದರ ಕಾಲು ಭಾಗ, ಗರಿಷ್ಠ 1,500 ರೂಪಾಯಿ, ಸರ್ಕಾರವೇ ಭರಿಸುತ್ತದೆ. ಸೇರುವ ದಿನ ದರ ಎಷ್ಟಿದೆ ಎಂದು ಐಟಿಐನಲ್ಲಿ ಕೇಳಿಕೊಳ್ಳಿ. 30 ಜನಕ್ಕಿಂತ ಕಡಿಮೆ ಇಲ್ಲದ ಕಾರ್ಖಾನೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಒಟ್ಟು ಆಳುಗಳ ಶೇ 2.5ರಿಂದ ಶೇ 15ರವರೆಗೆ. ಅಂದರೆ ನಿಮ್ಮ ಮಗನನ್ನು ತೆಗೆದುಕೊಂಡು ಮಾಲೀಕ ಉಪಕಾರ ಮಾಡುತ್ತಿಲ್ಲ.

ಈಗ ಆ ಹುಡುಗನ ಕಾಗದಕ್ಕೆ ವಾಪಸ್ ಬರೋಣ. 'ಟ್ರೇನಿ' ಅಂತ ಬರೆದ ತಕ್ಷಣ ಅವನು ಅಪ್ರೆಂಟಿಸ್ ಆಗುವುದಿಲ್ಲ. ನೋಂದಾಯಿತ ಕರಾರು ಇಲ್ಲದಿದ್ದರೆ ಮೇಲೆ ಹೇಳಿದ ಯಾವುದೂ ಅವನ ಕೈಗೆ ಸಿಗುವುದಿಲ್ಲ. ಒಂದು ಶಬ್ದದ ವ್ಯತ್ಯಾಸಕ್ಕೆ ಅವನ ಎರಡು ವರ್ಷ ಹೋಯಿತು. ಕರಾರು ಇದ್ದಿದ್ದರೆ ಕೊನೆಗೆ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಪಡೆಯುತ್ತಿದ್ದ. ರೈಲ್ವೆಗೆ ಅರ್ಜಿ ಹಾಕುವ ಹುಡುಗರನ್ನು ಕೇಳಿ, ಆ ಪತ್ರದ ಬೆಲೆ ಅವರಿಗೆ ಗೊತ್ತು.

ಇನ್ನೊಂದು ಮಾತು. ಪಾಲುದಾರ ಕಂಪನಿ ಯಾಕೆ ಯಾವಾಗಲೂ ನಾನೂರು ಕಿಲೋಮೀಟರ್ ಆಚೆ ಇರಬೇಕು?

2022ರ ಜೂನ್‌ನಲ್ಲಿ ನಮ್ಮ ರಾಜ್ಯದ 150 ಐಟಿಐಗಳನ್ನು ದೊಡ್ಡ ಕಂಪನಿಗಳ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿ ಪ್ರಧಾನಿ ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿಯ ಕೆಲಸ. ಹೊಸ ಮಷಿನ್ ಬಂದವು, ಹೊಸ ಕೋರ್ಸ್ ಬಂದವು. ಬರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಮಷಿನ್ ಮೇಲೆ ಕಲಿತವನಿಗೆ ಕೆಲಸ ಇರುವುದು ಪೀಣ್ಯ, ಬಿಡದಿ, ಹೊಸೂರಿನ ಕಡೆ. ನಮ್ಮದು ತುಂಗಭದ್ರಾ ಕಾಲುವೆ ಕೆಳಗಿನ ಭತ್ತದ ಸೀಮೆ. ಗಂಗಾವತಿ, ಕಾರಟಗಿ, ಸಿಂಧನೂರು ಅಂತ ಹೋದರೆ ರೈಸ್‌ಮಿಲ್ ಕಾಣಿಸದ ದಾರಿ ಇಲ್ಲ. ಅಕ್ಕಿಯ ಬಣ್ಣ ನೋಡಿ ಕಪ್ಪು ಕಾಳು ಹಾರಿಸುವ ಮಷಿನ್ ಕೆಟ್ಟರೆ ಮೆಕ್ಯಾನಿಕ್ ದೂರದ ಊರಿಂದ ಬರಬೇಕು. ಅವನು ಬರುವ ತನಕ ಮಿಲ್ ನಿಂತಿರುತ್ತದೆ, ಹಮಾಲರು ನೆರಳಿಗೆ ಕೂತಿರುತ್ತಾರೆ. ಕೊಯ್ಲಿನ ಕಾಲಕ್ಕೆ ಕಟಾವು ಮಷಿನ್ ಕೆಟ್ಟರೂ ಅದೇ ಕಥೆ, ಮೇಲೆ ಮೋಡ ಬೇರೆ ಕವಿದಿರುತ್ತದೆ.

ಅದೇ ತಾಲೂಕಿನ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದುವ ಹುಡುಗ ಆ ಮಿಲ್ಲಿನ ಗೇಟು ದಾಟಿರುವುದಿಲ್ಲ.

ಇನ್ನು ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಇರುವ ಕಡೆ ಎಲ್ಲಾ ಈ ಅಂಗಡಿ ಇದೆ. ಸುಟ್ಟ ಮೋಟರ್ ಬಿಚ್ಚಿ, ಹಳೇ ತಂತಿ ಎಳೆದು ಎಷ್ಟು ಸುತ್ತು ಇತ್ತು ಎಂದು ಎಣಿಸಿ, ತಾಮ್ರದ ತಂತಿಯ ಗೇಜ್ ಅಳೆದು, ಕಾಗದ ಇಟ್ಟು, ಹೊಸದಾಗಿ ಸುತ್ತಿ, ವಾರ್ನಿಶ್ ಹೊಡೆದು ಒಣಗಿಸಿ, ಮೆಗ್ಗರ್ ಹಿಡಿದು ನೋಡುವ ತನಕ ಅಲ್ಲಿ ಎಲೆಕ್ಟ್ರಿಷಿಯನ್ ಪಾಠದ ದೊಡ್ಡ ಭಾಗವೇ ಇದೆ. ನಮ್ಮ ಪರಿಚಯದ ಒಬ್ಬ ಮೇಸ್ತ್ರಿ ಯಾವ ಮೋಟರಿಗೆ ಎಷ್ಟು ಸುತ್ತು ಅಂತ ಇಪ್ಪತ್ತು ವರ್ಷದಿಂದ ಒಂದು ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಆ ಡೈರಿ ಯಾರಿಗೂ ಕೊಡುವುದಿಲ್ಲ, ಅದು ಅವರ ಅನ್ನ. ಆದರೆ ಪಕ್ಕದಲ್ಲಿ ಕೂತು ಆರು ತಿಂಗಳು ಕೆಲಸ ಮಾಡಿದವನಿಗೆ ಮುಚ್ಚಿಡಲು ಆಗುವುದೂ ಇಲ್ಲ.

ಇಂಥ ಅಂಗಡಿ ಈ ವ್ಯವಸ್ಥೆಯ ಲೆಕ್ಕಕ್ಕೇ ಬರುವುದಿಲ್ಲ. ಅಪ್ರೆಂಟಿಸ್ ಇಟ್ಟುಕೊಳ್ಳಲು ಕನಿಷ್ಠ ನಾಲ್ಕು ಜನ ಕೆಲಸಗಾರರಿರಬೇಕು ಎನ್ನುತ್ತದೆ ನಿಯಮ. ಮೇಸ್ತ್ರಿ ಹತ್ತಿರ ಇರುವುದು ಅವರು, ಅವರ ತಮ್ಮ, ಮತ್ತು ಶಾಲೆ ಬಿಟ್ಟ ಒಬ್ಬ ಹುಡುಗ. ಆ ಹುಡುಗನೂ ಕಲಿಯುತ್ತಿದ್ದಾನೆ, ಕಂಪನಿಗೆ ಹೋದವನಿಗಿಂತ ಹೆಚ್ಚೇ ಕಲಿಯುತ್ತಿದ್ದಾನೆ. ಆದರೆ ಅವನಿಗೆ ಕಾಗದವೂ ಇಲ್ಲ, ವಿಮೆಯೂ ಇಲ್ಲ, ತಿಂಗಳ ದುಡ್ಡು ಮೇಸ್ತ್ರಿಯ ಮನಸ್ಸಿದ್ದಷ್ಟು. ಒಬ್ಬನಿಗೆ ಕಾಗದ ಇದ್ದು ವಿದ್ಯೆ ಇಲ್ಲ, ಇನ್ನೊಬ್ಬನಿಗೆ ವಿದ್ಯೆ ಇದ್ದು ಕಾಗದ ಇಲ್ಲ.

ದಾರಿ ಇಲ್ಲವೇ ಅಂದರೆ ಇದೆ. ಹಲವು ಮಾಲೀಕರು ಒಟ್ಟಾಗಿ ಅಪ್ರೆಂಟಿಸ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಕಳಿಸುತ್ತಾ ಕಲಿಸಬಹುದು ಅಂತ ಅದೇ 1961ರ ಕಾಯ್ದೆಯಲ್ಲಿ ಅವಕಾಶ ಇದೆ. ಇದನ್ನೇ ಸಣ್ಣ ಅಂಗಡಿಗಳಿಗೂ ವಿಸ್ತರಿಸಿ ಎಂದು ನಾವು ಕೇಳುತ್ತೇವೆ. ಮೂರು ವೈಂಡಿಂಗ್ ಅಂಗಡಿ, ಒಂದು ಟ್ರ್ಯಾಕ್ಟರ್ ಗ್ಯಾರೇಜ್, ಎರಡು ರೈಸ್‌ಮಿಲ್ ಸೇರಿಸಿ ಒಂದು ಗುಂಪು. ಹಾಜರಿ ಪುಸ್ತಕ ತಾಲೂಕಿನ ಐಟಿಐ ಹತ್ತಿರ ಇರಲಿ. ಸರ್ಕಾರದ ಪಾಲಿನ ದುಡ್ಡಿನಲ್ಲಿ ಸ್ವಲ್ಪ ಕಲಿಸುವ ಮೇಸ್ತ್ರಿಗೂ ಹೋಗಲಿ, ಅವರ ಕೆಲಸದ ಹೊತ್ತೂ ಹೊತ್ತೇ. ಜರ್ಮನಿಯ ಪದ್ಧತಿ ನೋಡಿ ನಮ್ಮವರು 2016ರಲ್ಲಿ ಐಟಿಐಗಳಲ್ಲಿ ಅರ್ಧ ತರಗತಿ, ಅರ್ಧ ಕಾರ್ಖಾನೆ ಅನ್ನುವ ವ್ಯವಸ್ಥೆ ತಂದರು. ಆದರೆ ಜರ್ಮನಿಯಲ್ಲಿ ಬೇಕರಿಯಂಥ ಸಣ್ಣ ಅಂಗಡಿಯೂ ಹುಡುಗರಿಗೆ ಕಲಿಸುತ್ತದೆ, ಕಲಿಸಲು ನಿಲ್ಲುವವನಿಗೂ ಅರ್ಹತೆ ಕೇಳುತ್ತಾರೆ. ಆ ಭಾಗವನ್ನು ನಾವು ತರಲಿಲ್ಲ.

ಹೆಣ್ಣುಮಕ್ಕಳ ಮಾತು ಬಿಟ್ಟರೆ ತಪ್ಪಾಗುತ್ತದೆ. ಹುಡುಗಿಯರಿಗೆ ಹೊಲಿಗೆ ಅಥವಾ ಕಂಪ್ಯೂಟರ್ ಅಂತ ಮನೆಯಲ್ಲೇ ತೀರ್ಮಾನ ಆಗಿರುತ್ತದೆ. ಎಲೆಕ್ಟ್ರಿಷಿಯನ್ ತಗೊಂಡ ಒಬ್ಬ ತಂಗಿ ನಮಗೆ ಹೇಳಿದ್ದು: "ಕೆಲಸ ಕಷ್ಟ ಅಲ್ರಿ, ಹೋದ ಕಡೆ ಪಾಯಿಖಾನೆ ಇರಲ್ಲ, ಸಂಜಿ ಬಸ್ಸು ಇರಲ್ಲ." ಪಾಲುದಾರರ ಜೊತೆ ಒಪ್ಪಂದ ಬರೆಯುವ ಅಧಿಕಾರಿಗಳು ಈ ಎರಡು ಸಾಲು ಸೇರಿಸಿಕೊಂಡರೆ ಸಾಕು, ಅರ್ಧ ಮಂದಿ ಹುಡುಗಿಯರಾದರೂ ಹೊರಗೆ ಬರುತ್ತಾರೆ.

ಪ್ರವೇಶದ ಹೊತ್ತಲ್ಲಿ ಮಗನ ಜೊತೆ ಐಟಿಐಗೆ ಹೋಗುವವರು ಪ್ರಾಚಾರ್ಯರನ್ನು ನಾಚಿಕೆ ಬಿಟ್ಟು ಕೇಳಿ: ಹೋದ ವರ್ಷದ ಹುಡುಗರು ಎಲ್ಲಿ ಹೋದರು, ಅಲ್ಲಿ ಏನು ಕಲಿಸಿದರು, ಅವರ ಕರಾರು ನೋಂದಣಿ ಆಗಿತ್ತೇ? ಕಂಪನಿಯವರು ಬಂದಾಗ ಕಾಗದದ ಮೇಲೆ 'ಅಪ್ರೆಂಟಿಸ್' ಅಂತಿದೆಯೋ 'ಟ್ರೇನಿ' ಅಂತಿದೆಯೋ ನೋಡಿ. ಸಹಿ ಹಾಕುವ ಮುಂಚೆ ಫೋನಿನಲ್ಲಿ ಅದರ ಫೋಟೋ ಹೊಡೆದುಕೊಳ್ಳಿ. ಓದಲು ಬಾರದಿದ್ದರೆ ನಮಗೆ ಕಳಿಸಿ, ಓದಿ ಹೇಳುತ್ತೇವೆ. ಇದಕ್ಕೆ ದುಡ್ಡು ಬೇಡ.

ನಾಲ್ಕು ಬೋಲ್ಟಿನ ಹುಡುಗ ಈಗ ಆ ಡೈರಿ ಮೇಸ್ತ್ರಿಯ ಅಂಗಡಿಯಲ್ಲೇ ಇದ್ದಾನೆ. ಹೋದ ತಿಂಗಳು ನಮ್ಮ ಮನೆಯ ಮೋಟರ್ ಸುಟ್ಟಾಗ ಅವನೇ ಕಟ್ಟಿಕೊಟ್ಟ. ಮೇಸ್ತ್ರಿ ಪಕ್ಕದಲ್ಲಿ ಚಹಾ ಕುಡಿಯುತ್ತಾ ಸುಮ್ಮನೆ ನೋಡುತ್ತಿದ್ದರು. ಮೋಟರ್ ಚೆನ್ನಾಗಿ ಓಡುತ್ತಿದೆ. ಅವನ ಕೈಯಲ್ಲಿ ಮಾತ್ರ ಇನ್ನೂ ಒಂದು ಕಾಗದ ಇಲ್ಲ.