ನಗರದಲ್ಲಿ ಮನೆ ಕೊಳ್ಳುವ ಮುನ್ನ

ರೈತ ಬಾಂಧವರೇ, ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ, ನೊಗ ಕಟ್ಟಿ ನಡೆಸಿ ನೋಡುತ್ತೀರಿ. ಹೊಲ ಮಾರಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮನೆ ಕೊಳ್ಳುವಾಗ ಮಾತ್ರ ದಲ್ಲಾಳಿಯ ಮಾತೊಂದನ್ನೇ ನಂಬುವುದು ಸರಿಯೇ?

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರಿನಲ್ಲಿ 1892ರಲ್ಲಿ ರೂಪುಗೊಂಡ ಈ ಬಡಾವಣೆಯಲ್ಲಿ ಒಂದೊಂದು ನಿವೇಶನಕ್ಕೂ ಹಲವು ತಲೆಮಾರಿನ ವಾರಸುದಾರರಿರಬಹುದು. ಮೊದಲು ಬೀದಿ ಸುತ್ತಿ ನಾಲ್ಕಾರು ಮನೆಗಳ ಬೆಲೆ ವಿಚಾರಿಸಿರಿ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನೂ ತಿಳಿಯಿರಿ. ಅದು ಮುದ್ರಾಂಕ ಶುಲ್ಕಕ್ಕೆ ಆಧಾರವೇ ಹೊರತು ಪೇಟೆ ಧಾರಣೆಯಲ್ಲ. ಮೂಲ ಕ್ರಯಪತ್ರ, ಇ-ಖಾತೆ, ಕನಿಷ್ಠ 30 ವರ್ಷಗಳ ಋಣಭಾರ ಪತ್ರಗಳನ್ನು ವಕೀಲರಿಗೆ ತೋರಿಸಿರಿ. ನೋಂದಣಿಯಾಗದ ಉಯಿಲು, ಬಾಯಿಮಾತಿನ ವಿಭಾಗ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಆದ್ದರಿಂದ ವಂಶವೃಕ್ಷ ಕೇಳಿ, ಎಲ್ಲ ಹಕ್ಕುದಾರರ ಸಹಿ ಪಡೆಯಿರಿ.

ಇವೆಲ್ಲ ಸ್ಪಷ್ಟವಾಗುವವರೆಗೆ ಮುಂಗಡ ಕೊಡುವುದೂ ಬೇಡ, ಹೊಲ ಮಾರುವುದೂ ಬೇಡವೆಂಬುದು ನನ್ನ ಅಭಿಪ್ರಾಯ. ಮನೆ ಇನ್ನೊಂದು ಸಿಕ್ಕೀತು. ಮಾರಿದ ಹೊಲ ಮರಳಿ ಬಾರದು.