ಮೈಲುಗಲ್ಲು ಮತ್ತು ಶಾಸನದ ಕಲ್ಲು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ಸೀಮೆಗಳ ತರುಣ-ತರುಣಿಯರು ಪಿಎಚ್.ಡಿ. ಪದವಿಗಾಗಿ ಮಹಾಪ್ರಬಂಧಗಳನ್ನು ಬರೆಯುವದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಒಕ್ಕಲಿಗರ, ನೇಕಾರರ, ಕೂಲಿಕಾರರ ಮನೆಗಳಲ್ಲಿ ಹುಟ್ಟಿ, ಮನೆತನದಲ್ಲಿ ಮೊಟ್ಟಮೊದಲಿಗೆ ಅಕ್ಷರ ಕಲಿತವರು ಸಂಶೋಧನೆಯ ಹೆಬ್ಬಾಗಿಲನ್ನು ತಟ್ಟುತ್ತಿರುವದನ್ನು ಕಂಡು ಹಿಗ್ಗದವನು ಕನ್ನಡಿಗನೇ ಅಲ್ಲ. ಆದರೆ ಈ ಹಿಗ್ಗಿನ ಬೆನ್ನಿಗೇ ಒಂದು ವಿಪರೀತವಾದ ರೂಢಿಯೂ ಬೆಳೆದು ಬಂದಿದೆ. ಹೆಸರಿನ ನೋಂದಣಿಯಾಯಿತೆಂದರೆ ಒಂದು ಸತ್ಕಾರ, ಮೂರನೆಯ ಅಧ್ಯಾಯವು ಮುಗಿಯಿತೆಂದರೆ ಪೇಢೆಯ ಹಂಚಿಕೆ, ಪ್ರಬಂಧವನ್ನು ವಿದ್ಯಾಪೀಠಕ್ಕೆ ಒಪ್ಪಿಸಿದರೆಂದರೆ ಬಸ್ ನಿಲ್ದಾಣದ ಎದುರಿಗೆ ಭಾವಚಿತ್ರದ ದೊಡ್ಡ ಫಲಕ. ಪ್ರತಿಯೊಂದಕ್ಕೂ “ಮೈಲುಗಲ್ಲು ಮುಟ್ಟಿದರು” ಎಂಬ ಒಂದೇ ಮಾತು. ಈ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡುವದೇ ಈ ಲೇಖನದ ಉದ್ದೇಶವು. ಕೆಲವರಿಗೆ ಇದು ಕಟುವೆನಿಸಬಹುದು. ಕಟುವಾದರೂ ಹಿತವಾದದ್ದನ್ನು ಹೇಳುವದು ಹಳೆಯ ಮಾಸ್ತರನ ಧರ್ಮವೆಂದು ವಾಚಕರು ಸೈರಿಸಬೇಕು.

ಮೈಲುಗಲ್ಲೆಂದರೇನು? ಊರು ಎಷ್ಟು ದೂರ ಉಳಿಯಿತೆಂಬದನ್ನು ಹೇಳುವ ಕಲ್ಲು. ನಡೆಯುವವನು ಯಾಕೆ ಹೊರಟಿದ್ದಾನೆ, ಅವನ ಗಂಟಿನಲ್ಲಿ ಏನಿದೆ, ಅವನು ಹಿಡಿದ ದಾರಿಯು ಅವನ ಊರಿನದೇ ಅಹುದೋ ಅಲ್ಲವೋ ಎಂಬದು ಅದಕ್ಕೆ ತಿಳಿಯದು. ತಪ್ಪಿದ ದಾರಿಯಲ್ಲಿಯೂ ಮೈಲುಗಲ್ಲುಗಳು ಸಾಲಾಗಿಯೇ ನಿಂತಿರುತ್ತವೆ. ನಮ್ಮ ಸೀಮೆಯಲ್ಲಿ ಬೇರೊಂದು ಬಗೆಯ ಕಲ್ಲೂ ಉಂಟು. ಅದು ಶಾಸನದ ಕಲ್ಲು. ಅದು ದಾರಿಯನ್ನು ಎಣಿಸುವದಿಲ್ಲ. ದಾರಿಕಾರನನ್ನು ತಡೆದು ನಿಲ್ಲಿಸುತ್ತದೆ. “ನೀನು ತಿಳಿದದ್ದು ಸರಿಯೆ? ನನ್ನನ್ನು ಓದಿ ಹೇಳು” ಎನ್ನುತ್ತದೆ. ಮಹಾಪ್ರಬಂಧದ ದಾರಿಯಲ್ಲಿ ಎಣಿಸತಕ್ಕದ್ದು ಮೊದಲನೆಯ ಬಗೆಯ ಕಲ್ಲುಗಳನ್ನಲ್ಲ, ಎರಡನೆಯದನ್ನು. ಬರೆದವನ ಮಾತು ಎಲ್ಲಿ ಪರೀಕ್ಷೆಗೆ ನಿಂತಿತೋ ಅದೇ ಅವನ ನಿಜವಾದ ಮಜಲು. ಇದು ನಮ್ಮ ಪ್ರತಿಜ್ಞೆಯು. ಇನ್ನು ಹೇತು-ದೃಷ್ಟಾಂತಗಳನ್ನು ಹೇಳುವೆವು.

ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೨೨ರ ನಿಯಮಗಳ ಮೇರೆಗೆ ಈ ಪದವಿಗೆ ಸಾಮಾನ್ಯವಾಗಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷಗಳ ಅವಧಿಯು. ಮೊದಲು ಕೆಲವು ತಿಂಗಳ ಪಾಠಕ್ರಮ, ಆ ಮೇಲೆ ಪ್ರತಿ ಷಣ್ಮಾಸದಲ್ಲಿ ಸಲಹಾ ಸಮಿತಿಯ ಮುಂದೆ ಪ್ರಗತಿಯ ವರದಿ, ಪ್ರಬಂಧವನ್ನೊಪ್ಪಿಸುವ ಮುನ್ನ ವಿಭಾಗದಲ್ಲೊಂದು ಮಂಡನೆ, ಅನಂತರ ಪರೀಕ್ಷಕರು, ಕಡೆಗೆ ಮೌಖಿಕ ಪರೀಕ್ಷೆ. ೨೦೧೬ರ ನಿಯಮಗಳಲ್ಲಿ ಪ್ರಬಂಧವನ್ನೊಪ್ಪಿಸುವ ಮುನ್ನ ಪತ್ರಿಕೆಯೊಂದರಲ್ಲಿ ಲೇಖನವನ್ನು ಪ್ರಕಟಿಸಲೇಬೇಕೆಂಬ ಕಟ್ಟಳೆಯಿತ್ತು. ದುಡ್ಡು ತೆತ್ತವರ ಲೇಖನವನ್ನು ಅಚ್ಚುಹಾಕುವ ಪತ್ರಿಕೆಗಳ ಬಗೆಗೆ ದೇಶದ ತುಂಬ ದೂರುಗಳೆದ್ದವು. ೨೦೨೨ರಲ್ಲಿ ಆ ಕಡ್ಡಾಯವನ್ನು ತೆಗೆದರು. ಕೃತಿಚೌರ್ಯವನ್ನು ತಡೆಯುವ ೨೦೧೮ರ ನಿಯಮಗಳಂತೆ ಪರರ ಬರೆಹದೊಡನೆ ಶೇಕಡಾ ೧೦ರ ವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಶೇಕಡಾ ೬೦ನ್ನು ಮೀರಿದರೆ ನೋಂದಣಿಯೇ ರದ್ದು.

ಈ ಕಟ್ಟಳೆಗಳೆಲ್ಲ ಬೇಕಾದವುಗಳೇ. ಇವುಗಳನ್ನು ಹಳಿಯುವದು ನಮ್ಮ ಕೆಲಸವಲ್ಲ. ಆದರೆ ಇವು ಎಣಿಸುವದು ಏನನ್ನು? ಕಾಲವನ್ನು, ವರದಿಗಳನ್ನು, ಸಾಮ್ಯದ ಅಂಶವನ್ನು. ಪರರ ಮಾತು ಎಷ್ಟಿದೆಯೆಂದು ಯಂತ್ರವು ಹೇಳಬಲ್ಲದು. ಆ ಮಾತು ಸತ್ಯವೋ ಎಂಬದನ್ನು ಅದು ಹೇಳಲಾರದು. ಹಳೆಯ ಗ್ರಂಥದ ಪ್ರಮಾದವನ್ನೇ ಬೇರೆ ಮಾತುಗಳಲ್ಲಿ ತಿರುವಿ ಬರೆದವನು ಯಂತ್ರದ ಎದುರಿಗೆ ನಿರ್ದೋಷಿಯಾಗಿ ಪಾರಾಗುತ್ತಾನೆ!

ಕೆಲವು ವರ್ಷಗಳ ಕೆಳಗೆ ಒಬ್ಬ ತರುಣನು ಹಾನಗಲ್ಲ ಕದಂಬರನ್ನು ಕುರಿತ ತನ್ನ ಅಧ್ಯಾಯವನ್ನು ನಮಗೆ ತೋರಿಸಲು ತಂದಿದ್ದನು. ಎಪ್ಪತ್ತು ಪುಟಗಳು, ಭಾಷೆಯೂ ಶುದ್ಧವಾಗಿಯೇ ಇದ್ದಿತು. “ತಮ್ಮಾ, ಹಾನಗಲ್ಲಿನ ಶಾಸನಗಳನ್ನು ಓದಿದೆಯಾ?” ಎಂದು ಕೇಳಿದೆವು. “ಇಲ್ಲರೀ ಗುರುಗಳೇ, ಪುಸ್ತಕದಾಗ ಇದ್ದದ್ದನ್ನ ತಗೊಂಡೀನಿ.” “ಆ ಪುಸ್ತಕದವರು?” “ಅವರು ಅದಕ್ಕಿಂತ ಮೊದಲಿನ ಪುಸ್ತಕದಿಂದ ತಗೊಂಡಾರ್ರಿ.” ಅವನ ಮನೆಯಿಂದ ತಾರಕೇಶ್ವರನ ಗುಡಿಗೆ ಒಂದು ತಾಸಿನ ದಾರಿ. ಹುಡುಗನ ದೋಷವು ಅಲ್ಪ. ಅವನನ್ನು ಕಲ್ಲಿನ ಎದುರಿಗೆ ಕಳಿಸದೆ, “ನಾಲ್ಕನೆಯ ಮೈಲುಗಲ್ಲು ದಾಟಿದೆ” ಎಂದು ಬೆನ್ನು ಚಪ್ಪರಿಸಿದ ಹಿರಿಯರ ದೋಷವು ದೊಡ್ಡದು. ನಮ್ಮ ಶಾಸ್ತ್ರಕಾರರು ಇದನ್ನೇ ಅಂಧಪರಂಪರಾನ್ಯಾಯವೆಂದರು: ಕುರುಡನ ಕೈಯನ್ನು ಕುರುಡನು ಹಿಡಿದು ಸಾಲಾಗಿ ನಡೆಯುವದು. ಆ ಸಾಲು ನೂರು ಮೈಲುಗಲ್ಲುಗಳನ್ನು ದಾಟಿದರೂ ಒಬ್ಬನಿಗೂ ಕಣ್ಣು ಬರುವದಿಲ್ಲ.

ಪರೀಕ್ಷೆಗೆ ನಿಲ್ಲುವದೆಂದರೇನೆಂಬದಕ್ಕೆ ದೃಷ್ಟಾಂತವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹಿರೇಕೆರೂರ ಸೀಮೆಯ ಅಬ್ಬಲೂರಿನ ಶಾಸನಗಳನ್ನು ಡಾ. ಜೆ. ಎಫ್. ಫ್ಲೀಟ್ ಇವರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಸುಮಾರು ೧೨೦೦ರ ದೊಡ್ಡ ಶಾಸನವು ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುತ್ತದೆ. ಅಳಂದೆಯ ಪುರುಷೋತ್ತಮಭಟ್ಟನ ಮಗನಾದ ರಾಮಯ್ಯನು ಪುಲಿಗೆರೆಯಿಂದ ಅಬ್ಬಲೂರಿಗೆ ಬಂದು, ತನ್ನ ಶಿರಸ್ಸನ್ನೇ ಪಣವಾಗಿಟ್ಟು ಗೆದ್ದು, ಬಿಜ್ಜಳನಿಂದ ಜಯಪತ್ರವನ್ನು ಪಡೆದನೆಂದು ಅದರಲ್ಲಿದೆ. ಹಾನಗಲ್ಲ ಕದಂಬ ಕಾಮದೇವನ ದಾನದ ಮಾತೂ ಇದೆ. ಬಸವಣ್ಣನವರ ಹೆಸರು ಮಾತ್ರ ಇಲ್ಲ. ಈ ಮೌನವನ್ನು ಹಿಡಿದು ಫ್ಲೀಟರು ಪುರಾಣಗಳು ಹೇಳುವ ಬಸವಚರಿತ್ರವನ್ನು ಸಂಶಯಿಸಿ, ಆ ಕಾಲದ ಶೈವಧರ್ಮದ ಹೊಸ ಏಳಿಗೆಗೆ ರಾಮಯ್ಯನೇ ಮುಖ್ಯ ಕಾರಣನೆಂಬ ಪಕ್ಷಕ್ಕೆ ಒಲಿದರು. ಮುಂದೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ೧೨೬೦ರ ಶಾಸನವೊಂದು ಬೆಳಕಿಗೆ ಬಂದು, ಅದರಲ್ಲಿ ಬಸವಣ್ಣನವರ ಹೆಸರು ಕಾಣಿಸಿತು. ಅಂಥ ಪ್ರಕಾಂಡ ವಿದ್ವಾಂಸರ ನಿಗಮನವನ್ನು ಒಂದು ಕಲ್ಲು ತಡೆದು ನಿಲ್ಲಿಸಿತು.

ಇದರಲ್ಲಿ ಎರಡು ಪಾಠಗಳುಂಟು. ಕಾಣದಿದ್ದದ್ದನ್ನು ಇಲ್ಲವೆಂದು ಸಾಧಿಸಬೇಕಾದರೆ, ಇದ್ದಿದ್ದರೆ ಅಲ್ಲಿ ಕಾಣಲೇಬೇಕಾಗಿತ್ತೆಂಬದು ಮೊದಲು ಸಿದ್ಧವಾಗಬೇಕು. ಅನುಪಲಬ್ಧಿಯ ಈ ಯೋಗ್ಯತಾವಿಚಾರವನ್ನು ನಮ್ಮ ಪಾಠಶಾಲೆಗಳಲ್ಲಿ ಎಳೆಯ ವಿದ್ಯಾರ್ಥಿಗಳೂ ಬಲ್ಲವರಾಗಿದ್ದರು. ಎರಡನೆಯದು, ಫ್ಲೀಟರಿಗೆ ಇದರಿಂದ ಕುಂದಿಲ್ಲ. ಅವರು ತಮ್ಮ ಪ್ರಮಾಣವನ್ನು ಅಕ್ಷರಶಃ ಪ್ರಕಟಿಸಿ ಎಲ್ಲರ ಎದುರಿಗಿಟ್ಟಿದ್ದರಿಂದಲೇ ಪರರು ಅವರ ಮಾತನ್ನು ಒರೆಗೆ ಹಚ್ಚಲು ಶಕ್ತರಾದರು. ತಪ್ಪಲಾರದಂತೆ ಬರೆಯುವದು ಮನುಷ್ಯರಿಂದಾಗದು. ತಪ್ಪು ಹಿಡಿಯಲು ಸಾಧ್ಯವಾಗುವಂತೆ ಬರೆಯುವದು ಆದೀತು. ಅದೇ ಸಂಶೋಧನೆಯು.

ಪದವಿಯ ಮೇಲೆ ನಮಗೆ ಮತ್ಸರವಿದೆಯೆಂದು ಯಾರೂ ತಿಳಿಯಬಾರದು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಪಿಎಚ್.ಡಿ.ಗಾಗಿ ಬರೆದದ್ದೇ, ೧೯೬೬ರಲ್ಲಿ ಗ್ರಂಥವಾಗಿ ಹೊರಬಂದು, ಶಾಸನಗಳಿಂದ ಅರಸರ ತೇದಿಗಳನ್ನಷ್ಟೇ ಅಲ್ಲ, ಜನರ ಬಾಳುವೆಯನ್ನೂ ಓದಬಹುದೆಂದು ನಾಡಿಗೆ ತೋರಿಸಿಕೊಟ್ಟಿತು. ಅತ್ತ ಉತ್ತಂಗಿ ಚೆನ್ನಪ್ಪನವರು ಪದವಿಯ ಹಂಗಿಲ್ಲದೆ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, ೧೯೨೪ರಲ್ಲಿ ಪ್ರಕಟಿಸಿದರು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಅರಸಿ ವಚನ ವಾಙ್ಮಯವನ್ನು ಉಳಿಸಿದರು. ಪದವಿ ಇದ್ದವರೂ ಇಲ್ಲದವರೂ ಇಲ್ಲಿ ಒಂದೇ ಪಂಕ್ತಿಯವರು. ಯಾಕೆಂದರೆ ಮೂಲವನ್ನು ಮುಟ್ಟಿದವರು.

ಶಾಸ್ತ್ರಗ್ರಂಥದಲ್ಲಿ ಒಂದು ಅಧಿಕರಣಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಈ ಐದರಲ್ಲಿ ಎದೆಯುಳ್ಳವನ ಕೆಲಸವು ಪೂರ್ವಪಕ್ಷವು. ಪ್ರತಿವಾದಿಯು ತಾನೇ ಹೇಳಿದ್ದಕ್ಕಿಂತ ಬಲವಾಗಿ ಅವನ ಮಾತನ್ನು ಮಂಡಿಸಿ, ಆ ಮೇಲೆ ಅದನ್ನು ಖಂಡಿಸಬೇಕು. ವ್ಯಾಸತೀರ್ಥರ ‘ನ್ಯಾಯಾಮೃತ’ಕ್ಕೆ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಉತ್ತರವಿತ್ತರು, ಅದಕ್ಕೆ ರಾಮಾಚಾರ್ಯರು ‘ತರಂಗಿಣಿ’ಯಲ್ಲಿ ಮರುಮಾತು ಕೊಟ್ಟರು. ಯಾರ ಮತವು ಗೆದ್ದಿತೆಂಬದು ಹಾಗಿರಲಿ. ಆ ಗ್ರಂಥಗಳು ಇಂದಿಗೂ ಬದುಕಿರುವದು ಒಬ್ಬರನ್ನೊಬ್ಬರು ತಡೆದು ಕೇಳಿದ್ದರಿಂದ. ನಮ್ಮ ಮಹಾಪ್ರಬಂಧಗಳಲ್ಲಿ ಪೂರ್ವಪಕ್ಷವೆಲ್ಲಿ? “ಹಿಂದಿನ ಅಧ್ಯಯನಗಳ ಸಮೀಕ್ಷೆ” ಎಂಬ ಒಂದು ಅಧ್ಯಾಯದಲ್ಲಿ ಗ್ರಂಥಗಳ ಹೆಸರುಗಳನ್ನು ಪಟ್ಟಿಮಾಡಿ, ಎಲ್ಲರಿಗೂ ಒಂದೊಂದು ನಮಸ್ಕಾರವನ್ನು ಸಲ್ಲಿಸಿ ಮುಂದಕ್ಕೆ ಸಾಗುವದೇ ಬಹುಮಟ್ಟಿಗೆ ರೂಢಿಯಾಗಿದೆ. ನಮಸ್ಕಾರವು ವಿನಯವಾದೀತು, ವಿಚಾರವಾಗದು.

ಆದುದರಿಂದ ನಮ್ಮ ಸೂಚನೆಯಿದು. ನಮ್ಮ ಸೀಮೆಯ ವಿಷಯವನ್ನು ಕುರಿತು ಬರೆಯುವ ಪ್ರತಿಯೊಬ್ಬ ಸಂಶೋಧಕನೂ ಪ್ರಬಂಧವನ್ನು ಒಪ್ಪಿಸುವ ಮುನ್ನ, ತನ್ನ ಒಂದು ಅಧ್ಯಾಯವನ್ನು ಆ ವಿಷಯವು ಹುಟ್ಟಿದ ಊರಿನಲ್ಲಿ, ಅಲ್ಲಿಯವರ ಎದುರಿಗೆ, ಕನ್ನಡದಲ್ಲಿ ಓದಿ ಪ್ರಶ್ನೆಗಳಿಗೆ ಉತ್ತರವಿಯ್ಯಬೇಕು. ನಮ್ಮ ಸಂಘವು ವರ್ಷಕ್ಕೆ ನಾಲ್ಕು ಸಭೆಗಳನ್ನು ನಾಲ್ಕು ಊರುಗಳಲ್ಲಿ ಕೂಡಿಸಬೇಕು. ೧೧೯೬ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಆನೆಕೆರೆಯ ದಂಡೆಯಲ್ಲಿ ಬೀಡುಬಿಟ್ಟನೆಂದೂ ಕದಂಬರ ದಂಡನಾಯಕ ಸೋಹಣಿಯು ಕಾದಿ ಮಡಿದನೆಂದೂ ವೀರಗಲ್ಲು ಹೇಳುತ್ತದೆ. ಆ ಯುದ್ಧವನ್ನು ವರ್ಣಿಸುವವನು ಕೆರೆಯ ದಂಡೆಯ ಮೇಲೆ ನಿಂತು ಓದಲಿ. ಕೋಟೆ ಎತ್ತ, ನೀರು ಎತ್ತ ಎಂದು ಊರ ಒಕ್ಕಲಿಗನು ಕೇಳುವ ಒಂದು ಪ್ರಶ್ನೆಯು ಹತ್ತು ಅಡಿಟಿಪ್ಪಣಿಗಳಿಗೆ ಸಮವಾದೀತು. ಸವಣೂರ ನವಾಬರ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದರ ಪೇಶವೆಕಾಲದ ವ್ಯವಹಾರವನ್ನು ಫಾರಸಿಯನ್ನೂ ಮೋಡಿ ಲಿಪಿಯನ್ನೂ ಬಿಟ್ಟು ಬರೆಯಲು ಹೊರಟವನಿಗೆ ಮೋಡಿಯ ಮೊದಲನೆಯ ಕಾಗದವನ್ನು ತಾನೇ ಓದಿದ ದಿನವೇ ಪೇಢೆ ಹಂಚುವ ದಿನವು. ಶಿಗ್ಗಾವಿ ಸೀಮೆಯಲ್ಲಿ ಕನಕದಾಸರ ಬಾಡವಿದೆ, ಶಿಶುನಾಳ ಶರೀಫರ ಊರಿದೆ, ಗೋಟಗೋಡಿಯಲ್ಲಿ ಜಾನಪದಕ್ಕೆಂದೇ ೨೦೧೧ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವಿದೆ. ಶರೀಫರ ಪದಗಳ ಪಾಠಭೇದವನ್ನು ನಿರ್ಣಯಿಸುವವನು ಅವುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಾಡಿ ಉಳಿಸಿದ ಭಜನೆಯವರ ಎದುರಿಗೆ ಕೂಡ್ರದೆ ನಿರ್ಣಯಿಸುವದು ಯಾವ ನ್ಯಾಯ?

ಇದಕ್ಕೆ ಮೂರು ಆಕ್ಷೇಪಗಳು ಬರುವವು. ಮೊದಲನೆಯದು: ಹಳ್ಳಿಯವರಿಗೆ ಶಾಸ್ತ್ರೀಯ ಪ್ರಬಂಧವೇನು ತಿಳಿದೀತು? ತಿಳಿಯುವಂತೆ ಹೇಳಲು ಬಾರದವನಿಗೆ ತಾನೇ ತಿಳಿದಿಲ್ಲವೆಂದು ಮೂವತ್ತು ವರ್ಷ ಪಾಠಹೇಳಿದ ನಾವು ಬಲ್ಲೆವು. ಎರಡನೆಯದು: ಮೌಖಿಕ ಪರೀಕ್ಷೆಯು ಬಹಿರಂಗವಾಗಿಯೇ ನಡೆಯುತ್ತದಲ್ಲ? ನಡೆಯುತ್ತದೆ, ಆದರೆ ಅಷ್ಟರೊಳಗೆ ಪ್ರಬಂಧಕ್ಕೆ ರಟ್ಟು ಕಟ್ಟಿಯಾಗಿರುತ್ತದೆ, ಬಂದವರ ಕೈಯಲ್ಲಿ ಹಾರಗಳಿರುತ್ತವೆ. ಹಾರ ತಂದವನು ಪ್ರಶ್ನೆ ತರುವದಿಲ್ಲ. ಮೂರನೆಯದು ನಿಜವಾಗಿಯೂ ಗುರುತರವಾದದ್ದು: ಊರವರ ಅಭಿಮಾನಕ್ಕೆ ಒಗ್ಗದ ನಿಗಮನವನ್ನು ಓದಿದರೆ ಗದ್ದಲವೆದ್ದು, ಸಂಶೋಧಕನ ಬಾಯಿ ಕಟ್ಟೀತಲ್ಲ? ಈ ಭಯವು ನಿರಾಧಾರವಲ್ಲ. ಅದಕ್ಕಾಗಿ ಸಭೆಯ ನಿಯಮವು ಕಠಿಣವಾಗಿರಬೇಕು. ಪ್ರಮಾಣಕ್ಕೆ ಪ್ರಮಾಣದಿಂದಲೇ ಉತ್ತರ. “ನಮ್ಮ ಮನಸ್ಸಿಗೆ ನೋವಾಯಿತು” ಎಂಬದು ಪ್ರಮಾಣವಲ್ಲ. ಕೈಯೆತ್ತಿ ಬಹುಮತದಿಂದ ಇತಿಹಾಸವನ್ನು ನಿರ್ಣಯಿಸುವಂತಿಲ್ಲ. ಅಧ್ಯಾಯವನ್ನು ತಿದ್ದುವ ಅಧಿಕಾರವು ಬರೆದವನಿಗೆ ಮಾತ್ರ. ಇಷ್ಟನ್ನು ಪಾಲಿಸಲಾರದ ಊರು ಸಭೆಯನ್ನು ಕರೆಯಬಾರದು. ಭಯವುಂಟೆಂದು ಸಂಶೋಧನೆಯು ಊರಿನಿಂದ ಓಡಿಹೋದರೆ, ಊರಿನ ಕಥೆಯನ್ನು ಹೇಳಲು ಗದ್ದಲದವರು ಮಾತ್ರ ಉಳಿಯುವರು.

ಮತ್ತೊಂದು ಮಾತು. ಒಪ್ಪಿಸಿದ ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ಭಾಂಡಾರದಲ್ಲಿ ಇಟ್ಟು, ಯಾರಾದರೂ ಮನೆಯಲ್ಲಿಯೇ ಕುಳಿತು ಓದುವ ಸೌಕರ್ಯವನ್ನು ಸರಕಾರವು ಮಾಡಿಕೊಟ್ಟಿದೆ. ನಮ್ಮ ಊರನ್ನು ಕುರಿತ ಪ್ರಬಂಧವನ್ನು ನಾವು ಓದದಿದ್ದರೆ, ಅದರ ದೋಷಕ್ಕೆ ನಾವೂ ಪಾಲುಗಾರರು. ಬಡವರ ಮಗನೊಬ್ಬನು ಯೌವನದ ಐದಾರು ವರ್ಷಗಳನ್ನು ತೆತ್ತು ಬರೆದದ್ದನ್ನು ಮಾರ್ಗದರ್ಶಕರೂ ಪರೀಕ್ಷಕರೂ ಹೊರತು ಯಾರೊಬ್ಬರೂ ಓದದೆ ಹೋದರೆ, ಅವನಿಗೆ ಹೊದಿಸಿದ ಶಾಲು ಸತ್ಕಾರವಲ್ಲ, ಅವನ ಶ್ರಮದ ಮೇಲೆ ಹಾಸಿದ ಮುಸುಕು. ಅವನಿಗೆ ಬೇಕಾದದ್ದು ಹತ್ತು ಹಾರಗಳಲ್ಲ, ಒಬ್ಬ ಬಲ್ಲ ಪ್ರತಿವಾದಿಯು.

ಸಂಘದ ಕಾರ್ಯಕಾರಿ ಮಂಡಳವು ಈ ಸೂಚನೆಯನ್ನು ಬರುವ ಸಭೆಯಲ್ಲಿ ವಿಚಾರಕ್ಕೆ ತೆಗೆದುಕೊಳ್ಳಲಿ. ಮೊದಲನೆಯ ಸಭೆಯನ್ನು ಅಬ್ಬಲೂರಿನಲ್ಲಿಯೇ ಕೂಡಿಸಲಿ. ಏಕಾಂತದ ರಾಮಯ್ಯನ ಕಲ್ಲಿನ ಎದುರಿಗೆ ಶಾಸನವನ್ನು ಓದಬಲ್ಲ ಒಬ್ಬ ವಿದ್ಯಾರ್ಥಿಯನ್ನೂ ಅವನನ್ನು ತಡೆದು ಕೇಳಬಲ್ಲ ಇಬ್ಬರನ್ನೂ ಕೂಡ್ರಿಸಲಿ. ನಮ್ಮ ಮಾತಿನಲ್ಲಿ ದೋಷ ಕಂಡವರು ಇದೇ ಪತ್ರಿಕೆಯಲ್ಲಿ ಪೂರ್ವಪಕ್ಷವನ್ನು ಬರೆಯಲಿ, ಉತ್ತರವೀಯಲು ಸಿದ್ಧರಿದ್ದೇವೆ. ಇತ್ಯಲಂ.